ಮುಪ್ಪಿಗೆ ಮದ್ದುಂಟೆ?

ಎರಡು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲು ಮುಗಿದು ಮೂಟೆಗಳು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಿಯಾಗಿತ್ತು. ಹೂಮಳೆಗಾಗಿ ಜನ ಆಕಾಶ ನೋಡುತ್ತಿದ್ದ ಕಾಲ. ಮೂಡಿಗೆರೆಯ ನನ್ನ ಮನೆಗೆ ಹಳೆಯ ಗೆಳೆಯರೊಬ್ಬರು ಬಂದರು. ಕಾಫಿ ಬೆಳೆಗಾರರು, ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ಎಂದರೆ ಎಪ್ಪತ್ತು ದಾಟಿ ಕೆಲವು ವರ್ಷವೇ ಆದವರು. ಹೆಸರು ಬೇಡ, ಗೌಡರೆಂದು ಕರೆಯೋಣ. ನಮ್ಮ ಸೀಮೆಯಲ್ಲಿ ಹಾಗೆಂದು ಕರೆದರೆ ಅವರು ಯಾರೆಂಬುದು ಯಾರಿಗೂ ತಿಳಿಯುವ ಭಯವಿಲ್ಲ.

ಗೌಡರು ಕೈಚೀಲದಿಂದ ಒಂದು ಫ್ಲಾಸ್ಕನ್ನು ತೆಗೆದು ಮೇಜಿನ ಮೇಲಿಟ್ಟರು. ಕಾಫಿ ತಂದಿದ್ದಾರೆಂದುಕೊಂಡೆ. ಒಳಗೆ ಇದ್ದದ್ದು ಮಂಜುಗಡ್ಡೆ. ಅದರ ನಡುವೆ ಹೆಬ್ಬೆರಳಿನಷ್ಟು ಉದ್ದದ ಆರು ಗಾಜಿನ ಸೀಸೆಗಳು. ಪ್ರತಿಯೊಂದರ ತಳದಲ್ಲೂ ಚಿಟಿಕೆ ಬಿಳಿಯ ಪುಡಿ.

“ಮಗ ಕಳಿಸಿದ್ದಾನೆ ಡಾಕ್ಟ್ರೇ. ಇದನ್ನ ರಾತ್ರಿ ಮಲಗೋ ಮುಂಚೆ ಚರ್ಮದ ಕೆಳಗೆ ಚುಚ್ಚಿಕೊಂಡ್ರೆ ಮೈಯಲ್ಲಿ ಬೆಳವಣಿಗೆ ಹಾರ್ಮೋನು ಮತ್ತೆ ಊರುತ್ತಂತೆ. ಹೇಗೆ ಕಲಸೋದು, ಎಷ್ಟು ತಗೋಳೋದು, ನೀವು ತೋರಿಸಿಕೊಡಬೇಕು” ಎಂದರು.

ಕನ್ನಡಕ ಏರಿಸಿ ಚೀಟಿಯನ್ನು ಓದಿದೆ. ಒಂದರ ಮೇಲೆ ಐಪಾಮೊರೆಲಿನ್ ಎಂದಿತ್ತು, ಇನ್ನೊಂದರ ಮೇಲೆ ಸಿಜೆಸಿ-1295. ಅದರ ಕೆಳಗೆ ಇರುವೆಯ ಸಾಲಿನಂಥ ಅಕ್ಷರದಲ್ಲಿ, ಸಂಶೋಧನೆಯ ಉಪಯೋಗಕ್ಕೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದನ್ನು ಗೌಡರಿಗೆ ತೋರಿಸಿದೆ. “ಓದಿದೀನಿ. ಅದು ಕಾನೂನಿಗೆ ಹೆದರಿ ಬರೆದದ್ದಂತೆ” ಎಂದರು. ನಾಲ್ಕು ದಿನ ಅವಕಾಶ ಕೊಡಿ, ಓದಿ ಹೇಳುತ್ತೇನೆ ಎಂದೆ. ಸೀಸೆಗಳು ನನ್ನ ಮನೆಯ ತಂಗಳುಪೆಟ್ಟಿಗೆಯಲ್ಲಿ ಉಳಿದವು.

ಕೇಳುಗರಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಆ ರಾತ್ರಿ ನೀರು ಕುಡಿಯಲೆಂದು ಎದ್ದವನು ತಂಗಳುಪೆಟ್ಟಿಗೆಯ ಬಾಗಿಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದುಕೊಂಡು ನಿಂತಿದ್ದೆ. ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಗೋಡೆಯನ್ನು ಹುಡುಕುವ ವಯಸ್ಸು ನನ್ನದು. ವೈದ್ಯನಾದ ಮಾತ್ರಕ್ಕೆ ಮುಪ್ಪು ಹೆದರಿ ದೂರ ನಿಲ್ಲುವುದಿಲ್ಲ.

ಈ ಆಸೆ ಹೊಸದಲ್ಲವಷ್ಟೆ. ಚ್ಯವನನಿಗೆ ಅಶ್ವಿನೀದೇವತೆಗಳು ಯೌವನ ಕೊಟ್ಟರು. ಯಯಾತಿ ಮಗನಿಂದಲೇ ಅದನ್ನು ಕೇಳಿ ಪಡೆದ. ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ, ಪ್ಯಾರಿಸಿನ ಬ್ರೌನ್-ಸೆಕಾರ್ ಎಂಬ ಹೆಸರಾಂತ ಶರೀರವಿಜ್ಞಾನಿ 1889ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ನಾಯಿಯ ಮತ್ತು ಗಿನಿ ಇಲಿಯ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಕಳೆದ ಬಲ ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಸಾರಿದ. ಐದು ವರ್ಷದಲ್ಲಿ ತೀರಿಕೊಂಡ. ನಮ್ಮಲ್ಲಿ ಪಂಡಿತ ಮದನಮೋಹನ ಮಾಳವೀಯರಂಥವರು 1938ರಲ್ಲಿ ಕತ್ತಲೆಯ ಕುಟಿಯಲ್ಲಿದ್ದು ಕಾಯಕಲ್ಪ ಮಾಡಿಸಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ಗೌಡರು ಒಳ್ಳೆಯ ಸಾಲಿನಲ್ಲಿಯೇ ಇದ್ದಾರೆಂದು ಹೇಳುವುದಕ್ಕೆ ಇಷ್ಟು ಸಾಕು.

ಈಗಿನ ಪುಡಿಯ ಹಿಂದೆ ಇರುವ ವಿಜ್ಞಾನ ಮಾತ್ರ ನಿಜವಾದದ್ದು. ಅದನ್ನು ತಿಳಿಯದೆ ನಗುವುದು ಸರಿಯಲ್ಲ.

ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂಬದಿಗೆ, ಎಲುಬಿನ ಒಂದು ಪುಟ್ಟ ಗುಳಿಯಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಗ್ರಂಥಿಯೊಂದಿದೆ. ಅದರ ಹೆಸರು ಪಿಟ್ಯೂಟರಿ. ತೂಕ ಸುಮಾರು ಅರ್ಧ ಗ್ರಾಂ. ಅದರ ಮೇಲೆ ಹೈಪೋಥಲಾಮಸ್ ಎಂಬ ಮಿದುಳಿನ ಭಾಗ. ನಮ್ಮ ಕಾಫಿ ತೋಟಕ್ಕೆ ಹೋಲಿಸಿ ಹೇಳುವುದಾದರೆ, ಹೈಪೋಥಲಾಮಸ್ ತೋಟದ ಸಾಹುಕಾರ; ಪಿಟ್ಯೂಟರಿ ಬಂಗಲೆಯ ಬಳಿ ಕುಳಿತಿರುವ ರೈಟರು. ಸಾಹುಕಾರನಿಂದ ಚೀಟಿ ಬಂದರೆ ರೈಟರು ಬೆಳವಣಿಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಾನೆ. ಅದು ಯಕೃತ್ತಿಗೆ ಮುಟ್ಟಿದಾಗ ಯಕೃತ್ತು ಮೇಸ್ತ್ರಿಯ ಹಾಗೆ ಇನ್ನೊಂದು ವಸ್ತುವನ್ನು ಕೆಲಸಕ್ಕೆ ಕಳಿಸುತ್ತದೆ. ಐಜಿಎಫ್-1 ಎಂದು ಅದರ ಹೆಸರು. ಎಲುಬು, ಮಾಂಸಖಂಡಗಳ ಕೆಲಸದಲ್ಲಿ ದೊಡ್ಡ ಪಾಲು ಅದರದು. ಸಾಕು ನಿಲ್ಲಿಸು ಎಂಬ ಚೀಟಿಯೂ ಸಾಹುಕಾರನಿಂದಲೇ ಬರುತ್ತದೆ. ಇದೆಲ್ಲ ದಿನವಿಡೀ ಒಂದೇ ಸಮನೆ ನಡೆಯುವುದಿಲ್ಲ, ಅಲೆಯಲೆಯಾಗಿ ನಡೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಲೆ ಏಳುವುದು ರಾತ್ರಿಯ ಮೊದಲ ಗಾಢನಿದ್ರೆಯಲ್ಲಿ. ಮಕ್ಕಳು ನಿದ್ದೆಯಲ್ಲಿ ಬೆಳೆಯುತ್ತವೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಬರಿಯ ಲಾಲಿಯ ಮಾತಲ್ಲ.

ಯೌವನ ಕಳೆದ ಮೇಲೆ ಈ ಹಾರ್ಮೋನು ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು 14ರಂತೆ ಇಳಿಯುತ್ತ ಹೋಗುತ್ತದೆ. ಅದರ ಜೊತೆಗೇ ಮಾಂಸಖಂಡ ಕರಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ಚರ್ಮ ತೆಳುವಾಗುತ್ತದೆ. ಎರಡೂ ಒಟ್ಟಿಗೇ ನಡೆಯುವುದರಿಂದ ಒಂದು ಇನ್ನೊಂದಕ್ಕೆ ಕಾರಣವಿರಬೇಕೆಂದು ತೋರುವುದು ಸಹಜ. ಹಾಗಾದರೆ ಹಾರ್ಮೋನನ್ನು ಮತ್ತೆ ತುಂಬಿದರೆ?

ತುಂಬುವ ದಾರಿಗಳು ಎರಡು. ಹಾರ್ಮೋನನ್ನೇ ಚುಚ್ಚುವುದು ಒಂದು. ಮೊದಲು ಇದನ್ನು ಸತ್ತವರ ಪಿಟ್ಯೂಟರಿಯಿಂದ ತೆಗೆಯುತ್ತಿದ್ದರು; 1958ರಿಂದ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಕೊಡುತ್ತಿದ್ದರು. ಆ ಗ್ರಂಥಿಗಳ ಜೊತೆಗೆ ಮಿದುಳನ್ನು ಕೊಳೆಸುವ ಒಂದು ಘೋರ ರೋಗವೂ ಕೆಲವರಿಗೆ ದಾಟಿತೆಂದು 1985ರಲ್ಲಿ ತಿಳಿಯಿತು. ಜಗತ್ತಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಮಂದಿ, ಬಹುಪಾಲು ಎಳೆಯರು, ಹಾಗೆ ಸತ್ತರು. ಅದೇ ವರ್ಷ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಶುದ್ಧ ಹಾರ್ಮೋನು ಬಂದದ್ದರಿಂದ ಆ ಗಂಡಾಂತರ ತಪ್ಪಿತು.

ಎರಡನೆಯ ದಾರಿ ಗೌಡರ ಸೀಸೆಯದು. ಬೆಳವಣಿಗೆಯ ಹಾರ್ಮೋನು 191 ಅಮೈನೋ ಆಮ್ಲಗಳ ಉದ್ದನೆಯ ಸರಪಣಿ. ಇಂಥದೇ, ಆದರೆ ಗಿಡ್ಡನೆಯ ಸರಪಣಿಗಳಿಗೆ ಪೆಪ್ಟೈಡ್ ಎಂದು ಹೆಸರು. ಸಾಹುಕಾರ ರೈಟರಿಗೆ ಕಳಿಸುವ ಚೀಟಿಯೂ ಒಂದು ಪೆಪ್ಟೈಡೇ. ಅದರ ಉದ್ದ 44. ಇದನ್ನು 1982ರಲ್ಲಿ ಬೇರ್ಪಡಿಸಿ ಗುರುತಿಸಿದರು. ಅದರ ಮೊದಲ 29 ಕೊಂಡಿಗಳಷ್ಟೇ ಸಾಕು, ಕೆಲಸ ನಡೆಯುತ್ತದೆಂದು ಆಮೇಲೆ ತಿಳಿಯಿತು. ಅದೇ ಸುಮಾರಿಗೆ ಅಮೆರಿಕದ ಸಿರಿಲ್ ಬವರ್ಸ್ ಎಂಬಾತ ಪ್ರಯೋಗಾಲಯದಲ್ಲಿ ಆರೇ ಕೊಂಡಿಗಳ ಒಂದು ಪೆಪ್ಟೈಡನ್ನು ಕಟ್ಟಿ, ಅದೂ ಪಿಟ್ಯೂಟರಿಯ ಬಾಗಿಲನ್ನು ತಟ್ಟುತ್ತದೆಂದು ತೋರಿಸಿದ. ದೇಹದಲ್ಲಿ ಹಾಗೆ ತಟ್ಟುವವರು ಯಾರೆಂಬುದು ಹೊಳೆಯಲಿಲ್ಲ. ಬಹಳ ವರ್ಷಗಳ ಮೇಲೆ, 1999ರಲ್ಲಿ, ಜಪಾನಿನ ಕೊಜಿಮಾ ಮತ್ತು ಕಂಗಾವಾ ಅದನ್ನು ಪತ್ತೆಮಾಡಿದರು. ಪತ್ತೆಯಾದದ್ದು ಮಿದುಳಿನಲ್ಲಲ್ಲ, ಜಠರದಲ್ಲಿ! ಹಸಿದ ಹೊಟ್ಟೆ ಮೇಲಕ್ಕೆ ಕಳಿಸುವ ಕೂಗು ಅದು. ಅದಕ್ಕೆ ಗ್ರೆಲಿನ್ ಎಂದು ಹೆಸರಿಟ್ಟರು. ಬೆಳೆಯುವುದು ಎಂಬ ಅರ್ಥದ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿನಿಂದ ಆ ಹೆಸರನ್ನು ಕಟ್ಟಿದರೆಂಬುದು ಶಬ್ದಪ್ರಿಯರಿಗೆ ಹಿತವಾದೀತು. ಹಸಿವಿಗೂ ಬೆಳವಣಿಗೆಗೂ ಹೀಗೊಂದು ಒಳದಾರಿ ಇದ್ದುದನ್ನು ನಾನು ಓದಿದ ದಿನ, ನಮ್ಮ ವೃತ್ತಿಯ ಬಗ್ಗೆ ಬಹುಕಾಲದ ನಂತರ ಸಂತೋಷಪಟ್ಟೆ.

ಗೌಡರ ಸೀಸೆಗಳಲ್ಲಿ ಒಂದು ಸಾಹುಕಾರನ ಚೀಟಿಯ ನಕಲು, ಇನ್ನೊಂದು ಹೊಟ್ಟೆಯ ಕೂಗಿನ ನಕಲು. ಇವುಗಳ ಪರವಾಗಿ ಹೇಳುವ ಮಾತೊಂದುಂಟು; ಅದನ್ನೂ ಹೇಳಿಬಿಡಬೇಕು. ಹಾರ್ಮೋನನ್ನೇ ಹೊರಗಿನಿಂದ ಸುರಿದರೆ ದೇಹಕ್ಕೆ ತಡೆಯುವ ಉಪಾಯವಿಲ್ಲ. ಪೆಪ್ಟೈಡ್ ಕೊಟ್ಟರೆ ಹಾರ್ಮೋನನ್ನು ಬಿಡುವವನು ರೈಟರೇ ಆದ್ದರಿಂದ, ಸಾಕು ಎಂಬ ಚೀಟಿಗೆ ಇನ್ನೂ ಬೆಲೆಯಿರುತ್ತದೆ, ಅಲೆಗಳ ಲಯವೂ ಉಳಿಯುತ್ತದೆ. ಈ ವಾದ ಹುರುಳಿಲ್ಲದ್ದಲ್ಲ.

ನಾಲ್ಕನೆಯ ದಿನ ಗೌಡರು ಬಂದಾಗ ಅವರು ಇನ್ನೂ ಗಟ್ಟಿಯಾದ ವಾದವೊಂದನ್ನು ತಂದಿದ್ದರು. “ಡಾಕ್ಟ್ರೇ, ಐವತ್ತು ವರ್ಷದ ಕಾಫಿ ಗಿಡ. ಫಸಲು ಕಮ್ಮಿ, ಕೊಂಬೆ ಎಲ್ಲ ಒಣಗಿದೆ. ಬುಡಕ್ಕೆ ಮುಕ್ಕಾಲಡಿ ಬಿಟ್ಟು ಗರಗಸ ಹಾಕ್ತೀವಿ. ಮಳೆ ಬಿದ್ದರೆ ಕಂಬಚಿಗುರು ಬರುತ್ತೆ. ಒಂದೆರಡು ಬಿಟ್ಟು ಉಳಿದದ್ದು ಕೀಳ್ತೀವಿ. ಮೂರು ವರ್ಷಕ್ಕೆ ಹೊಸ ಗಿಡ. ಬೇರು ಹಳೇದೇ. ಗಿಡಕ್ಕಾಗೋದು ಮನುಷ್ಯನಿಗೆ ಯಾಕಾಗಬಾರದು?”

ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಕಾಫಿ ಸಂಶೋಧನಾ ಕೇಂದ್ರದವರು ಹೇಳಿಕೊಡುವ ವಿದ್ಯೆಯಿದು. ಗೌಡರು ಅದರಲ್ಲಿ ಪಳಗಿದವರು. ಉತ್ತರ ಹೇಳಲು ನಾನು ತಡವರಿಸಬೇಕಾಯಿತು. ಗಿಡದ ಕಾಂಡದಲ್ಲಿ ಮಲಗಿರುವ ಮೊಗ್ಗುಗಳುಂಟು. ಅದು ಸಾಯುವವರೆಗೂ ಬೆಳೆಯಬಲ್ಲದು. ಮನುಷ್ಯನ ಉದ್ದನೆಯ ಎಲುಬುಗಳ ಬೆಳೆಯುವ ತುದಿಗಳು ಪ್ರಾಯಕ್ಕೆ ಬಂದಮೇಲೆ ಮುಚ್ಚಿಹೋಗುತ್ತವೆ. ಆಮೇಲೆ ಈ ಹಾರ್ಮೋನು ಮಿತಿಮೀರಿ ಬಂದರೆ ಮನುಷ್ಯ ಬೆಳೆಯುವುದಿಲ್ಲ, ದಪ್ಪಗಾಗುತ್ತಾನೆ: ದವಡೆ ಮುಂದಕ್ಕೆ ಚಾಚುತ್ತದೆ, ಕೈಕಾಲು ಹಿಗ್ಗುತ್ತವೆ, ಹೃದಯವೂ ಹಿಗ್ಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಚಿಕಿತ್ಸೆಯಿಲ್ಲದಿದ್ದರೆ ಆಯುಷ್ಯ ಕುಗ್ಗುತ್ತದೆ. ಪಿಟ್ಯೂಟರಿಯಲ್ಲಿ ಗಡ್ಡೆ ಬೆಳೆದವರಲ್ಲಿ ಇದನ್ನು ಕಾಣುತ್ತೇವೆ. ಹೆಚ್ಚಾದರೆ ಯೌವನ ಬರುತ್ತದೆ ಎನ್ನುವುದಕ್ಕೆ ನಿಸರ್ಗ ಕೊಟ್ಟಿರುವ ಸಾಕ್ಷಿ ಇದು.

ಇಲ್ಲಿ ನಾನು ಇನ್ನೊಬ್ಬರ ಕತೆಯನ್ನು ಹೇಳಬೇಕು. ಗೌಡರಿಗೂ ಅದನ್ನೇ ಹೇಳಿದೆ. ಈ ಹಾರ್ಮೋನು ನಿಜವಾಗಿ ಇಲ್ಲವಾದರೆ ಮನುಷ್ಯ ಹೇಗಾಗುತ್ತಾನೆಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

1984ರ ಮಳೆಗಾಲ. ಆಗ ಮೂಡಿಗೆರೆ ತಾಲ್ಲೂಕಿಗೇ ಸೇರಿದ್ದ ಕಳಸಕ್ಕೆ ನಾನು ವಾರಕ್ಕೊಮ್ಮೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದೆ. ಹೊರನಾಡಿನ ಕಡೆಯ ಒಂದು ಮನೆಯಲ್ಲಿ ಇಪ್ಪತ್ತಾರು ವರ್ಷದ ಹೆಂಗಸಿಗೆ ಹೆರಿಗೆಯಾಯಿತು, ಎರಡನೆಯ ಮಗು. ಮಾಸು ಬೀಳುವುದು ತಡವಾಗಿ ರಕ್ತ ಹರಿಯತೊಡಗಿತು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ್ದ ದಿನ ಅದು. ಮರುದಿನ ನೀರಿಳಿದ ಮೇಲೆ ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಜೀವ ಉಳಿಯಿತು, ಉಳಿದದ್ದೇ ಹೆಚ್ಚು ಎಂದು ಎಲ್ಲರೂ ಕೈಮುಗಿದರು.

ಮಗುವಿಗೆ ಎದೆಹಾಲು ಒಂದು ತೊಟ್ಟೂ ಬರಲಿಲ್ಲ. ತಿಂಗಳ ಮುಟ್ಟು ಮರಳಲಿಲ್ಲ. ಆಕೆಗೆ ಸದಾ ಚಳಿ. ಬಿರುಬೇಸಿಗೆಯಲ್ಲೂ ಒಲೆಯ ಬಳಿಯೇ ಕುಳಿತಿರುತ್ತಿದ್ದಳು. ಹುಬ್ಬು ಉದುರಿತು. ಮುಖದ ಚರ್ಮ ಬಿಳಿಚಿ, ಹಳೆಯ ಕಾಗದದಂತೆ ಸಣ್ಣ ಸುಕ್ಕುಗಳಿಂದ ತುಂಬಿಹೋಯಿತು. ಮೂವತ್ತು ತುಂಬುವಷ್ಟರಲ್ಲಿ, ಅತ್ತೆ ಸೊಸೆ ಒಟ್ಟಿಗೆ ಬಂದರೆ ಇವರಲ್ಲಿ ಅತ್ತೆ ಯಾರೆಂದು ಹೊಸಬರು ಕೇಳುವಂತಾಯಿತು. ಬಾಣಂತನ ಸರಿಯಾಗದ ನಂಜು ಎಂದರು ಊರವರು. ರಕ್ತಹೀನತೆ ಎಂದೆ ನಾನು. ಕಬ್ಬಿಣದ ಮಾತ್ರೆ, ಟಾನಿಕ್ಕು, ಮತ್ತೆ ಕಬ್ಬಿಣದ ಮಾತ್ರೆ, ಹೀಗೆ ಐದು ವರ್ಷ ಕಳೆದೆ. 1989ರಲ್ಲಿ ಒಂದು ದಿನ ಆಕೆ ವಾಂತಿಯಾಗಿ, ರಕ್ತದೊತ್ತಡ ಇಳಿದು, ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಬಂದಾಗ, ವಿದ್ಯಾರ್ಥಿಯಾಗಿದ್ದಾಗ ಓದಿ ಮರೆತಿದ್ದ ಒಂದು ಪುಟ ಕಣ್ಣೆದುರಿಗೆ ಬಂದಿತು. ಕುದುರೆಮುಖದ ದಾರಿಯಾಗಿ ಮಣಿಪಾಲಕ್ಕೆ ಕಳಿಸಿದೆವು. ಪಿಟ್ಯೂಟರಿ ಸತ್ತುಹೋಗಿತ್ತು.

ಬಸುರಿನಲ್ಲಿ ಆ ಗ್ರಂಥಿ ಹಿಗ್ಗಿರುತ್ತದೆ. ಹೆರಿಗೆಯಲ್ಲಿ ರಕ್ತ ವಿಪರೀತ ಹೋಗಿ ಒತ್ತಡ ಕುಸಿದಾಗ ಅದಕ್ಕೆ ರಕ್ತ ಮುಟ್ಟದೆ ಸಾಯುತ್ತದೆ. ಇಂಗ್ಲೆಂಡಿನ ಶೀಹಾನ್ 1937ರಲ್ಲಿ ಇದನ್ನು ವಿವರಿಸಿದ್ದರು. ಅವರ ಹೆಸರೇ ಆ ರೋಗಕ್ಕೆ ನಿಂತಿದೆ. ಆಸ್ಪತ್ರೆಯ ಹೆರಿಗೆ ಹೆಚ್ಚಾದ ದೇಶಗಳಲ್ಲಿ ಅದು ಅಪರೂಪವಾಯಿತು. ಕಾಶ್ಮೀರದ ಕಣಿವೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೆತ್ತ ಹೆಂಗಸರ ಪೈಕಿ ನೂರಕ್ಕೆ ಸುಮಾರು ಮೂವರಲ್ಲಿ ಇದು ಕಂಡುಬಂದಿತು. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಹೆತ್ತವರು. ನಮ್ಮ ಮಲೆಗಳಲ್ಲಿ ಇನ್ನೂ ಒಂದು ದಾರಿಯುಂಟು: ಕೊಳಕುಮಂಡಲದ ಕಡಿತ. ಆ ಹಾವಿನ ವಿಷ ರಕ್ತವನ್ನು ಕೆಡಿಸುವಾಗ ಕೆಲವರಲ್ಲಿ ಪಿಟ್ಯೂಟರಿಯನ್ನೂ ಕೆಡಿಸಿಬಿಡುತ್ತದೆ. ಕಡಿತದಿಂದ ಬದುಕಿ ಬಂದವನು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಗಡ್ಡ ಬೆಳೆಯದೆ, ಬಲವಿಲ್ಲದೆ, ಚಳಿಗೆ ಮುದುಡಿ ಕೂರುತ್ತಾನೆ. ಹಾವಿನ ವಿಷ ಮೈಯಲ್ಲೇ ಉಳಿದಿದೆ ಎನ್ನುತ್ತಾರೆ ಜನ. ಪೂರ್ತಿ ತಪ್ಪೆಂದು ಹೇಳಲಾರೆ. ಈ ಮಾತನ್ನು ಕೇಳುತ್ತಿರುವವರ ಮನೆಯಲ್ಲೋ ಲೈನಿನಲ್ಲೋ ಅಂಥವರು ಇದ್ದರೆ, ದಯಮಾಡಿ ದೊಡ್ಡ ಆಸ್ಪತ್ರೆಗೆ ತೋರಿಸಿ, ಹಾವು ಕಚ್ಚಿದ್ದ ಅಥವಾ ಹೆರಿಗೆಯಲ್ಲಿ ರಕ್ತ ಹೋಗಿದ್ದ ಸಂಗತಿಯನ್ನು ಬಾಯಿಬಿಟ್ಟು ಹೇಳಿ.

ಆ ಹೆಂಗಸಿಗೆ ಕೊಟ್ಟದ್ದು ಎರಡು ಬಗೆಯ ಅಗ್ಗದ ಮಾತ್ರೆ: ಒಂದು ಸ್ಟೆರಾಯಿಡ್, ಇನ್ನೊಂದು ಥೈರಾಯಿಡ್ ಹಾರ್ಮೋನು. ಜೀವ ಉಳಿಸುವುದು ಇವೇ. ಮೊದಲಿನದನ್ನು ಒಂದು ದಿನವೂ ಬಿಡುವಂತಿಲ್ಲ. ಮೂರು ತಿಂಗಳಲ್ಲಿ ಆಕೆ ಒಲೆಯ ಬಳಿಯಿಂದ ಎದ್ದು ತೋಟಕ್ಕೆ ಹೋದಳು. ಬೆಳವಣಿಗೆಯ ಹಾರ್ಮೋನನ್ನು ಇಂಥ ವಯಸ್ಕರಿಗೆ ಕೊಟ್ಟರೆ ಪ್ರಯೋಜನವುಂಟೆಂದು ಆಮೇಲಿನ ಸಂಶೋಧನೆಗಳು ತೋರಿಸಿದವು. ಸ್ನಾಯು ಕೂಡುತ್ತದೆ, ಹೊಟ್ಟೆಯ ಕೊಬ್ಬು ಇಳಿಯುತ್ತದೆ, ಉತ್ಸಾಹ ಬರುತ್ತದೆ. ಅದರ ಬೆಲೆ ಕೇಳಿ ನಾನು ಆಕೆಗೆ ಆ ವಿಷಯವನ್ನೇ ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

ಗೌಡರದು ಹಾಗಲ್ಲ. ಅವರ ಗ್ರಂಥಿ ಸತ್ತಿಲ್ಲ, ನಿಧಾನವಾಗಿದೆ. ಇದನ್ನೂ ಕೊರತೆಯೆಂದೇ ಕರೆದು ತುಂಬಲು ಹೊರಟವರ ಮೊದಲ ದೊಡ್ಡ ಸುದ್ದಿ 1990ರ ಜುಲೈಯಲ್ಲಿ ಬಂದಿತು. ಅಮೆರಿಕದ ಡೇನಿಯಲ್ ರಡ್‌ಮನ್ ಅರವತ್ತು ದಾಟಿದ 12 ಮಂದಿ ಗಂಡಸರಿಗೆ ಆರು ತಿಂಗಳು ಹಾರ್ಮೋನನ್ನು ಚುಚ್ಚಿದರು. ಕೊಬ್ಬಿಲ್ಲದ ಮೈತೂಕ ನೂರಕ್ಕೆ 8.8 ಏರಿತು, ಕೊಬ್ಬು 14.4 ಇಳಿಯಿತು. ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋದಂತೆ ಎಂದು ಪತ್ರಿಕೆಗಳು ಬರೆದವು. ವ್ಯಾಪಾರ ಶುರುವಾಯಿತು. ಆ ಪ್ರಬಂಧವನ್ನು ಅಚ್ಚುಮಾಡಿದ್ದ ವೈದ್ಯಪತ್ರಿಕೆಯೇ 2003ರಲ್ಲಿ, ತನ್ನ ಲೇಖನವನ್ನು ಮಾರಾಟಗಾರರು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆಂದು ಬರೆಯಬೇಕಾಯಿತು. ಅಮೆರಿಕದಲ್ಲಿ ಈ ಹಾರ್ಮೋನನ್ನು ಮುಪ್ಪು ತಡೆಯುವ ಮದ್ದೆಂದು ಹಂಚುವುದು ಕಾನೂನಿಗೇ ವಿರುದ್ಧ.

ಮಾಂಸ ಕೂಡಿತು ನಿಜ, ಬಲ ಕೂಡಿತೆ? ಮುಂದಿನ ಪರೀಕ್ಷೆಗಳೆಲ್ಲ ಕೇಳಿದ್ದು ಇದನ್ನೇ. ಹೊಟ್ಟೆಯ ಕೂಗನ್ನು ನಕಲು ಮಾಡುವ ಎಂಕೆ-677 ಎಂಬ ಗುಳಿಗೆಯುಂಟು; ಪೆಪ್ಟೈಡ್ ಅಲ್ಲ, ಆದರೆ ತಟ್ಟುವ ಬಾಗಿಲು ಅದೇ. 60ರಿಂದ 81 ವರ್ಷದ 65 ಮಂದಿಯಲ್ಲಿ ಅದನ್ನು ಎರಡು ವರ್ಷದ ಪ್ರಯೋಗದಲ್ಲಿ ನೋಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾರ್ಮೋನು ತರುಣರ ಮಟ್ಟಕ್ಕೆ ಏರಿತು. ಒಂದು ವರ್ಷದಲ್ಲಿ ಕೊಬ್ಬಿಲ್ಲದ ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚಿತು. ಕಾಲಿನ ಬಲ, ನಡಿಗೆ, ಮೆಟ್ಟಿಲು ಹತ್ತುವ ಶಕ್ತಿ, ಯಾವುದೂ ಹೆಚ್ಚಲಿಲ್ಲ. ಹಸಿವು ಹೆಚ್ಚಿತು, ರಕ್ತದ ಸಕ್ಕರೆಯೂ ಹೆಚ್ಚಿತು. ಅದೇ ಗುಳಿಗೆಯನ್ನು ಸೊಂಟದ ಎಲುಬು ಮುರಿದ ವೃದ್ಧರಿಗೆ ಕೊಟ್ಟ ಪ್ರಯೋಗವನ್ನು, ಹೃದಯ ಸೋಲುವ ಲಕ್ಷಣ ಕೆಲವರಲ್ಲಿ ಕಂಡದ್ದರಿಂದ ನಡುವೆಯೇ ನಿಲ್ಲಿಸಿದರು. ಇನ್ನೊಂದು ಪಕ್ಕಕ್ಕೂ ಸಾಕ್ಷಿಯಿದೆ. ಸಾಹುಕಾರನ ಚೀಟಿಯ ಒಂದು ನಕಲು, ಟೆಸಾಮೊರೆಲಿನ್, ಎಚ್‌ಐವಿ ರೋಗಿಗಳ ಹೊಟ್ಟೆಯೊಳಗಿನ ಕೊಬ್ಬನ್ನು ಇಳಿಸಲೆಂದು 2010ರಲ್ಲಿ ಅಮೆರಿಕದ ಸರ್ಕಾರದ ಒಪ್ಪಿಗೆ ಪಡೆಯಿತು. ವಯಸ್ಸಾದ 152 ಮಂದಿಯಲ್ಲಿ 20 ವಾರ ಅದನ್ನು ಪರೀಕ್ಷಿಸಿ ನೋಡಿದ 2012ರ ಒಂದು ಅಧ್ಯಯನದಲ್ಲಿ ಬುದ್ಧಿಯ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಆದುದರಿಂದ ಬಾಗಿಲು ಪೂರ್ತಿ ಮುಚ್ಚಿದೆಯೆಂದು ಹೇಳಲಾಗದು. ಗೌಡರ ಸೀಸೆಯ ಪುಡಿಗಳನ್ನು ಮಾತ್ರ, ಮುಪ್ಪಿಗೆಂದು ಯಾವ ದೇಶದ ಔಷಧ ನಿಯಂತ್ರಕರೂ ಒಪ್ಪಿಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ದಕ್ಷಿಣ ಅಮೆರಿಕದ ಎಕ್ವಡಾರಿನಿಂದ ಬಂದಿದೆ. ಅಲ್ಲಿನ ಲೋಜಾ ಪ್ರಾಂತ್ಯವೂ ನಮ್ಮದರಂತೆ ಮಲೆಗಳ ನಾಡು, ಕಾಫಿ ಬೆಳೆಯುವ ನಾಡು. ಅಲ್ಲಿಯ ಹಳ್ಳಿಗಳಲ್ಲಿ ಸುಮಾರು ನೂರು ಮಂದಿ ಹುಟ್ಟಿನಿಂದಲೇ ಈ ಹಾರ್ಮೋನಿನ ಮಾತು ಕೇಳಿಸದ ಮೈಯವರು; ಎತ್ತರ ನಾಲ್ಕಡಿಯ ಒಳಗೆ. ಅವರನ್ನು ಇಪ್ಪತ್ತೆರಡು ವರ್ಷ ಹಿಂಬಾಲಿಸಿ ನೋಡಿದ ಗೆವಾರಾ-ಆಗಿರ್ರೆ ಎಂಬ ವೈದ್ಯರು 2011ರಲ್ಲಿ ಬರೆದದ್ದೇನೆಂದರೆ, ಅವರಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆಯಿಲ್ಲ. ಕ್ಯಾನ್ಸರ್ ಬಂದದ್ದು ಒಬ್ಬರಿಗೆ, ಅವರೂ ಅದರಿಂದ ಸಾಯಲಿಲ್ಲ. ಎತ್ತರದ ಬಂಧುಗಳಲ್ಲಿ ಎರಡೂ ಸಾಕಷ್ಟಿದ್ದವು. ಅವರು ಬಂಧುಗಳಿಗಿಂತ ಹೆಚ್ಚು ಕಾಲ ಬದುಕಿದರೆಂದಲ್ಲ. ಅಪಘಾತ, ಕುಡಿತ ಮುಂತಾದವು ಅವರನ್ನೂ ಒಯ್ದವು. ಇಲಿಗಳಲ್ಲಿ ಮಾತ್ರ ವಿಷಯ ಸ್ಪಷ್ಟ. ಈ ಹಾರ್ಮೋನಿಲ್ಲದ ಕುಬ್ಜ ಇಲಿಗಳು ಉಳಿದವಕ್ಕಿಂತ ಒಂದೂವರೆ ಪಾಲು ಬದುಕುತ್ತವೆಂದು 1996ರಲ್ಲಿಯೇ ತಿಳಿದಿತ್ತು. ವಯಸ್ಸಿನೊಂದಿಗೆ ರೈಟರು ನಿಧಾನವಾಗುವುದು ಸೋಮಾರಿತನದಿಂದಲೋ, ಅಥವಾ ಹಳೆಯ ತೋಟಕ್ಕೆ ಅಷ್ಟೇ ಗೊಬ್ಬರ ಸಾಕೆಂಬ ಒಳಬುದ್ಧಿಯಿಂದಲೋ? ಎರಡನೆಯದಿರಬಹುದೆಂದು ನನ್ನ ಊಹೆ.

ಕಡಿಮೆ ಎಂದರೆ ಎಷ್ಟು ಎಂಬುದೂ ಇನ್ನೊಂದು ತೊಡಕು. ನಾವು ಬಳಸುವ ಅಳತೆಗೋಲುಗಳು ಹೆಚ್ಚಾಗಿ ಪಾಶ್ಚಾತ್ಯರ ಮೈಗಳಿಂದ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ಆರೋಗ್ಯಕರ ವೃದ್ಧಾಪ್ಯದ ಸಂಶೋಧನೆಗೆಂದು ಒಂದು ಯೋಜನೆಯನ್ನು ಆರಂಭಿಸಿದೆ. ನಮ್ಮ ಜನರ ಅಂಕಿಗಳು ಅಲ್ಲಿಂದಲಾದರೂ ಬರಲಿ.

ಗೌಡರಿಗೆ ಕೊನೆಯದಾಗಿ ಹೇಳಿದ್ದು 1990ರದೇ ಇನ್ನೊಂದು ಪ್ರಬಂಧದ ಸಂಗತಿ. ರಡ್‌ಮನ್ನರದು ಬರುವುದಕ್ಕೆ ಒಂದು ತಿಂಗಳು ಮುಂಚೆ, ಜೂನ್‌ನಲ್ಲಿ, ಬಾಸ್ಟನ್ನಿನ ಮಾರಿಯಾ ಫಿಯಟರೋನೆ ಎಂಬ ವೈದ್ಯೆ ಪ್ರಕಟಿಸಿದ್ದು ಅದು. ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದ 86ರಿಂದ 96 ವರ್ಷದ ಹತ್ತು ಮಂದಿಗೆ, ಸೂಜಿಯಿಲ್ಲ, ಗುಳಿಗೆಯಿಲ್ಲ, ವಾರಕ್ಕೆ ಮೂರು ಸಲ ಕಾಲಿನಿಂದ ಭಾರ ಎತ್ತಿಸಿದರು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯಲ್ಲಿ ಕಾಲಿನ ಬಲ ಸರಾಸರಿ ನೂರಕ್ಕೆ 174 ಹೆಚ್ಚಿತು. ಒಂದೇ ಬೇಸಿಗೆಯ ಎರಡು ಪ್ರಬಂಧ. ಜಗತ್ತು ಸೂಜಿಯದನ್ನು ನೆನಪಿಟ್ಟುಕೊಂಡಿತು. ಭಾರ ಎತ್ತುವುದರಲ್ಲಿ ಯಾರಿಗೆ ಲಾಭ?

“ನಮ್ಮ ತೋಟದ ಹೆಂಗಸರು ದಿನವೂ ಮೂಟೆ ಹೊರ್ತಾರಲ್ಲ, ಅವರ್ಯಾಕೆ ಐವತ್ತಕ್ಕೇ ಮುದುಕಿಯರಾಗ್ತಾರೆ?” ಎಂದರು ಗೌಡರು. ಈ ಪ್ರಶ್ನೆಯನ್ನು ಅವರೇ ಕೇಳಿದ್ದು ನನಗೆ ಮೆಚ್ಚುಗೆಯಾಯಿತು. ದುಡಿಮೆಯೇ ವ್ಯಾಯಾಮ ಎಂದು ಬಂಗಲೆಯ ಜಗುಲಿಯಲ್ಲಿ ಕುಳಿತು ಹೇಳಲು ನನಗೆ ನಾಲಿಗೆ ಬಾರದು. ಹೊಟ್ಟೆತುಂಬ ಬೇಳೆ, ಮೊಟ್ಟೆ, ಗಾಢವಾದ ನಿದ್ದೆ, ನಡುನಡುವೆ ಬಿಡುವು ಇದ್ದರೆ ಭಾರ ಎತ್ತುವುದು ಸ್ನಾಯುವನ್ನು ಕಟ್ಟುತ್ತದೆ; ಇಲ್ಲದಿದ್ದರೆ ಅದೇ ಭಾರ ಮಂಡಿಯನ್ನು ಸವೆಸುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಒದ್ದೆ ಕಂಬಳಿಯಲ್ಲಿ ನಡುಗುತ್ತ, ಮೈಯಲ್ಲಿ ರಕ್ತವಿಲ್ಲದೆ ದುಡಿಯುವವರ ಮುಪ್ಪಿಗೆ ಪೆಪ್ಟೈಡಿನ ಕೊರತೆ ಕಾರಣವಲ್ಲ. ಇಷ್ಟನ್ನು ಗೌಡರಿಗೆ ಹೇಳಿದೆ. ಅವರು ಸುಮ್ಮನಿದ್ದರು.

ಸೀಸೆಗಳನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡು ಹೋದರು. ಫೋನಿನಲ್ಲಿ ನೋಡಿ ಕಲಿತು, ನನಗೆ ಹೇಳದೆ, ಮೂರು ತಿಂಗಳು ಚುಚ್ಚಿಕೊಂಡರು. ನಿದ್ದೆ ಚೆನ್ನಾಗಿ ಬಂತು, ಹಸಿವು ಹೆಚ್ಚಿತು ಎನ್ನುತ್ತಾರೆ. ಸುಳ್ಳು ಹೇಳುವ ಮನುಷ್ಯರಲ್ಲ. ಆಮೇಲೆ ಬೆರಳಿನ ಉಂಗುರ ಬಿಗಿಯಾಯಿತು, ಕಾಲಿನ ಹರಡಿನಲ್ಲಿ ಊತ ಬಂದಿತು, ಬೆಳಗಿನ ಜಾವ ಕೈ ಜೋಮು ಹಿಡಿದು ಎಚ್ಚರವಾಗತೊಡಗಿತು. ಹಾರ್ಮೋನು ಹೆಚ್ಚಾದರೆ ಮೈಯಲ್ಲಿ ನೀರು ನಿಂತು, ಮಣಿಕಟ್ಟಿನ ನರ ಒತ್ತಿದಾಗ ಹೀಗಾಗುತ್ತದೆ. ಸಕ್ಕರೆ ನೋಡಿಸಿದೆ, ಏರಿತ್ತು. ಸೂಜಿ ನಿಲ್ಲಿಸಿದ ಮೇಲೆ ಕೆಲವೇ ವಾರದಲ್ಲಿ ಊತ ಇಳಿಯಿತು. ಸಕ್ಕರೆ ಮಾತ್ರ ಹಿಂದಿನ ಅಂಕಿಗೆ ಪೂರ್ತಿ ಬಂದಿಲ್ಲ. ಅದಕ್ಕೆ ಸೂಜಿಯೇ ಕಾರಣವೆಂದು ಹೇಳಲಾರೆ. ವಯಸ್ಸೂ ಉಂಟು, ಹಲಸಿನ ಹಣ್ಣೂ ಉಂಟು. ಈಗ ಅವರು ಬೆಳಗ್ಗೆ ಕಾಫಿಯ ಮೊದಲು ಜಗುಲಿಯ ಕುರ್ಚಿಯಿಂದ, ಕೈಯೂರದೆ, ಇಪ್ಪತ್ತು ಸಲ ಎದ್ದು ಕೂರುತ್ತಾರೆ. ಇದು ಮಗನ ಫೋನಿಗೆ ಫೋಟೋ ತೆಗೆದು ಕಳಿಸುವಂಥ ವಿದ್ಯೆಯಲ್ಲವೆಂದು ಅವರಿಗೆ ಬೇಸರ.

ಉಳಿದ ಎರಡು ಸೀಸೆಗಳನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಮೇಜಿನ ಮೇಲೆ ಇಟ್ಟುಹೋದರು. ಹೂಮಳೆ ಬಿದ್ದ ವಾರ ಕಳಸದ ಆ ಹೆಂಗಸು ಮಾತ್ರೆಗೆ ಬಂದರು. ಈಗ ಅವರಿಗೆ ಅರವತ್ತಾರು. ಮಗಳನ್ನು ಮೂಡಿಗೆರೆಗೇ ಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ಮೊಮ್ಮಕ್ಕಳನ್ನು ನೋಡಿಕೊಂಡು ನನ್ನಲ್ಲಿಗೂ ಬರುತ್ತಾರೆ. ಸೀಸೆಯನ್ನು ಬೆಳಕಿಗೆ ಹಿಡಿದು, ಇದೇನು ಡಾಕ್ಟ್ರೇ ಎಂದು ಕೇಳಿದರು.

“ಮುಪ್ಪು ಬಾರದ ಹಾಗೆ ಮಾಡೋ ಮದ್ದಂತೆ ಕಣಮ್ಮ.”

“ನಂಗೆ ಒಂದ್ಸಲ ಬಂದು ಹೋಗಿದೆಯಲ್ಲ” ಎಂದು ನಕ್ಕರು. ಸೀಸೆಯನ್ನು ಇದ್ದಲ್ಲಿಯೇ ಇಟ್ಟು, ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕೊಟ್ಟಿಗೆಹಾರದ ಮೇಲೆ ಹೋಗುವ ನಾಲ್ಕು ಗಂಟೆಯ ಬಸ್ಸು ಇನ್ನೂ ಇದೆಯೇ ಎಂದು ಕೇಳಿದರು. ಇದೆ ಎಂದೆ. ಅವರು ಬೇಗಬೇಗನೆ ಮೆಟ್ಟಿಲಿಳಿದು ಹೋದರು.